ಮೊಮ್ಮಕ್ಕಳನ್ನು ನೋಡಿಕೊಳ್ಳುವ ವೃದ್ಧರ ವಿಷಯವಾಗಿ



ಮುಂಗಾರಿನ ನಾಟಿಯ ದಿವಸಗಳಲ್ಲಿ ಬಳ್ಳಾರಿಯಿಂದ ಕುರುಗೋಡಿಗೂ ಅಲ್ಲಿಂದ ಸಿರುಗುಪ್ಪದ ಕಡೆಯ ಹಳ್ಳಿಗಳಿಗೂ ಹೋಗುವವನು, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಯಾವ ಕೇರಿಯನ್ನು ಹೊಕ್ಕರೂ ಒಂದೇ ನೋಟವನ್ನು ಕಾಣುವನು. ಪ್ರಾಯದ ಹೆಂಗಸರು ನಾಟಿಗಾಗಿ ಗದ್ದೆಗಳಿಗೆ ಹೋಗಿರುತ್ತಾರೆ. ಗಂಡಸರಲ್ಲಿ ಕೆಲವರು ಹೊಲದಲ್ಲಿ, ಕೆಲವರು ಅಕ್ಕಿಯ ಗಿರಣಿಯಲ್ಲಿ, ಕೆಲವರು ದೂರದ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಇರುತ್ತಾರೆ. ಬಳ್ಳಾರಿ ಪಟ್ಟಣದ ಬಡವರ ಓಣಿಗಳಲ್ಲಿಯೂ ಸಂಗತಿ ಹೀಗೆಯೇ. ಅಲ್ಲಿ ತಾಯಂದಿರು ಜೀನ್ಸ್ ಬಟ್ಟೆಯನ್ನು ಹೊಲಿಯುವ ಕಾರ್ಖಾನೆಗಳಿಗೆ ಹೋಗಿರುತ್ತಾರೆ. ಮನೆಯಲ್ಲಿ ಉಳಿದವರು ಮೂವರೇ: ಕಟ್ಟೆಯ ಮೇಲೆ ಕುಳಿತ ತಾತ, ಒಲೆಯ ಮುಂದಿರುವ ಅಜ್ಜಿ, ಇವರಿಬ್ಬರ ನಡುವೆ ಒಂದು ಗಳಿಗೆಯೂ ನಿಲ್ಲದೆ ಓಡಾಡುವ ಒಂದೂವರೆ ಎರಡು ವರುಷದ ಮೊಮ್ಮಗು.

ಈ ನೋಟವು ನಮಗೆ ಬಹು ರೂಢಿಯಾಗಿರುವದರಿಂದ ಇದರಲ್ಲಿ ವಿಚಾರಿಸತಕ್ಕ ಪ್ರಶ್ನೆಯೊಂದು ಉಂಟೆಂದು ನಮಗೆ ತೋರುವದೇ ಇಲ್ಲ. ಆದರೆ ಉಂಟು. ಅದೇನಂದರೆ, ವೃದ್ಧರಾದ ತಂದೆತಾಯಿಗಳು ನಮ್ಮ ಮಕ್ಕಳನ್ನು ನೋಡಿಕೊಳ್ಳುವದು ಅವರು ನಮಗೆ ತೀರಿಸತಕ್ಕ ಸಾಲವೋ, ಅಥವಾ ತಾವಾಗಿಯೇ ಕೊಡುವ ದಾನವೋ? ದಾನವೆಂದರೆ, ಅದನ್ನು ತೆಗೆದುಕೊಳ್ಳುವವನ ಮೇಲೆ ಯಾವ ಹೊಣೆಯು ಬೀಳುವದು? ಈ ವಿಷಯದಲ್ಲಿ ನಾನು ಉಪದೇಶ ಹೇಳುವವನಾಗಿ ಅಲ್ಲ, ತಪ್ಪಿದವನಾಗಿ ಬರೆಯುತ್ತೇನೆ. ನನ್ನ ತಪ್ಪು ಯಾವದೆಂಬದನ್ನು ಮುಂದೆ ಹೇಳುವೆನು.

ಅಜ್ಜಿಯು ಮೊಮ್ಮಗನನ್ನು ಸಾಕುವದು ಈಚೆಗೆ ಹುಟ್ಟಿದ ಪದ್ಧತಿಯಲ್ಲ. ರೂತಳ ಪುಸ್ತಕವನ್ನು ಓದಿದವರಿಗೆ ನೊವೊಮಿಯ ನೆನಪು ಇದ್ದೇ ಇರುವದು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಬರಿಗೈಯಿಂದ ಬೇತ್ಲೆಹೇಮಿಗೆ ತಿರಿಗಿ ಬಂದ ಆ ಮುದುಕಿಯು, ಸೊಸೆಯ ಕೂಸಾದ ಓಬೇದನನ್ನು ಮಡಿಲಲ್ಲಿ ಇಟ್ಟುಕೊಂಡು ಅವನಿಗೆ ದಾದಿಯಾದಳು. ಆಫ್ರಿಕ ಖಂಡದ ತಾಂಜಾನಿಯ ದೇಶದಲ್ಲಿ ಬೇಟೆಯಿಂದಲೂ ಕಾಡಿನ ಗಡ್ಡೆಗೆಣಸುಗಳಿಂದಲೂ ಜೀವಿಸುವ ಹಾದ್ಜಾ ಎಂಬ ಜನರುಂಟು. ಕ್ರಿಸ್ಟನ್ ಹಾಕ್ಸ್ ಎಂಬ ಪಂಡಿತೆಯೂ ಅವಳ ಸಂಗಡಿಗರೂ ೧೯೮೦ರ ದಶಕದಲ್ಲಿ ಆ ಜನರ ನಡುವೆ ಇದ್ದು ನೋಡಲಾಗಿ, ತಾಯಿಯ ಕೈಯಲ್ಲಿ ಎಳೆಗೂಸು ಇರುವಾಗ ಮೊಲೆಬಿಟ್ಟ ಮಗುವಿಗೆ ನೆಲದಿಂದ ಗಡ್ಡೆಯನ್ನು ಅಗೆದು ತಂದು ಉಣಿಸುವವರಲ್ಲಿ ಅಜ್ಜಿಯಂದಿರೇ ಮುಖ್ಯರೆಂದು ಕಂಡರು. ಮನುಷ್ಯಜಾತಿಯಲ್ಲಿ ಹೆಂಗಸರು ಹೆರುವ ವಯಸ್ಸು ದಾಟಿದ ಮೇಲೆಯೂ ಬಹು ವರುಷ ಬದುಕಿರುವದಕ್ಕೆ ಇದೇ ಕಾರಣವಾಗಿರಬಹುದೆಂದು ಅವರು ತರ್ಕಿಸಿದರು. ಆದದರಿಂದ ಅಜ್ಜಿಯ ಮಡಿಲಲ್ಲಿ ಕೂಸನ್ನು ಬಿಡುವದೇ ತಪ್ಪೆಂದು ಯಾರೂ ಹೇಳಲಾರರು. ಅದು ಒಳ್ಳೇದೇ. ತಪ್ಪು ಬೇರೆ ಕಡೆ ಇರುತ್ತದೆ. ಅದನ್ನು ಕಾಣಬೇಕಾದರೆ ಮೊದಲು ಕೂಸಿನ ಸ್ವಭಾವವನ್ನೂ ತರುವಾಯ ಮುಪ್ಪಿನ ಸ್ವಭಾವವನ್ನೂ ನೋಡಬೇಕು.

ನಡೆಯಲು ಕಲಿತ ಕೂಸು ಸುಮ್ಮನೆ ಕುಳಿತುಕೊಳ್ಳುವದಿಲ್ಲ. ನಾವು ಅದನ್ನು ತುಂಟತನವೆಂದು ಕರೆಯುತ್ತೇವೆ. ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ ಕಾರೆನ್ ಅಡಾಲ್ಫ್ ಎಂಬ ಪಂಡಿತೆಯು ೧೨ರಿಂದ ೧೯ ತಿಂಗಳ ಕೂಸುಗಳನ್ನು ಆಡಬಿಟ್ಟು ಹೆಜ್ಜೆಗಳನ್ನು ಎಣಿಸಿ ೨೦೧೨ನೆಯ ಇಸವಿಯಲ್ಲಿ ಅದರ ಫಲವನ್ನು ಪ್ರಕಟಿಸಿದಳು. ಒಂದು ತಾಸಿನಲ್ಲಿ ಕೂಸು ಸರಾಸರಿಯಾಗಿ ೨,೩೬೮ ಹೆಜ್ಜೆಗಳನ್ನು ಇಡುತ್ತದೆ, ೧೭ ಸಲ ಬೀಳುತ್ತದೆ, ಮತ್ತೆ ಏಳುತ್ತದೆ. ಬಿದ್ದು ಎದ್ದು ನಡೆಯುವದೇ ಅದರ ಕಲಿಕೆ. ನೇಗಿಲು ಹಿಡಿಯುವದು ರೈತನಿಗೆ ಹೇಗೋ ಓಡಾಡುವದು ಕೂಸಿಗೆ ಹಾಗೆಯೇ ಅದರ ಉದ್ಯೋಗವಾಗಿದೆ. ಲೋಕದ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಕೊಟ್ಟ ಸೂಚನೆಗಳ ಪ್ರಕಾರ, ಒಂದರಿಂದ ನಾಲ್ಕು ವರುಷದ ಮಕ್ಕಳು ದಿನಕ್ಕೆ ೧೮೦ ನಿಮಿಷಗಳಿಗೆ ಕಡಿಮೆಯಿಲ್ಲದೆ ಮೈಯಾಡಿಸಬೇಕು. ಅವರನ್ನು ಒಮ್ಮೆಗೆ ಒಂದು ತಾಸಿಗಿಂತ ಹೆಚ್ಚಾಗಿ ಕಟ್ಟಿಹಾಕಿದಂತೆ ಕೂರಿಸಬಾರದು. ಹೀಗಿರುವದರಿಂದ ಓಡುವ ಮಗುವಿನಲ್ಲಿ ದೋಷವೇನೂ ಇಲ್ಲ. ಓಡದೆ ಮೂಲೆಯಲ್ಲಿ ಕುಳಿತ ಮಗುವನ್ನು ಕಂಡರೆ ನಾವು ಚಿಂತಿಸತಕ್ಕದ್ದು.

ಮುಪ್ಪಿನ ಸ್ವಭಾವವು ಇದಕ್ಕೆ ತೀರಾ ಬೇರೆ. ಬುದ್ಧಿಯೂ ತಾಳ್ಮೆಯೂ ಹೆಚ್ಚುವ ವಯಸ್ಸಿನಲ್ಲಿ ಮೊಣಕಾಲು ಸೋಲುತ್ತದೆ, ಕಣ್ಣು ಮಬ್ಬಾಗುತ್ತದೆ, ಕಿವಿ ಮಂದವಾಗುತ್ತದೆ. ಕೂತವರು ಏಳಬೇಕಾದರೆ ನೆಲಕ್ಕೆ ಕೈಯೂರಬೇಕು. ಅವರು ಕೈಯೂರಿ ಏಳುವಷ್ಟರಲ್ಲಿ ಕೂಸು ಹೊಸ್ತಿಲನ್ನು ದಾಟಿರುತ್ತದೆ. ಹೊಸ್ತಿಲಿನ ಹೊರಗೆ ಏನಿದೆ? ೧೯೫೩ನೆಯ ಇಸವಿಯಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಡಲಾರಂಭಿಸಿದ ಮೇಲೆ ಕುರುಗೋಡು ಸಿರುಗುಪ್ಪಗಳ ಸೀಮೆಯು ಭತ್ತದ ಸೀಮೆಯಾಯಿತು. ಕೆಳಮಟ್ಟದ ಕಾಲುವೆಯಿಂದ ಒಡೆದ ಸಣ್ಣ ಕಾಲುವೆಗಳು ಎಷ್ಟೋ ಊರುಗಳಲ್ಲಿ ಮನೆಗಳ ಸಮೀಪದಲ್ಲಿಯೇ ಹರಿಯುತ್ತವೆ. ನಮಗೆ ಅನ್ನವನ್ನು ಕೊಟ್ಟ ನೀರು ಅದೇ. ನಡೆಯಲು ಕಲಿತ ಕೂಸಿಗೆ ಭಯಂಕರವಾದದ್ದೂ ಅದೇ. ಲೋಕದಲ್ಲೆಲ್ಲಾ ನೀರಿನಲ್ಲಿ ಮುಳುಗಿ ಸಾಯುವ ಅಪಾಯವು ಒಂದರಿಂದ ನಾಲ್ಕು ವರುಷದ ಮಕ್ಕಳಿಗೇ ಅಧಿಕವೆಂದು ಎಣಿಸಿ ನೋಡಿದವರು ಹೇಳುತ್ತಾರೆ. ಕೂಸಿಗೆ ಕಾಲುವೆಯೇ ಬೇಕೆಂದಿಲ್ಲ, ಬಚ್ಚಲಿನ ಬಕೀಟಿನಲ್ಲಿರುವ ಒಂದು ಗೇಣು ನೀರೂ ಸಾಕು.

ಇನ್ನು ನನ್ನ ಸಂಗತಿಯನ್ನು ಹೇಳುವೆನು. ನನ್ನ ತಂದೆತಾಯಿಗಳು ಕುರುಗೋಡಿನ ಸಮೀಪದ ಒಂದು ಹಳ್ಳಿಯಲ್ಲಿದ್ದಾರೆ. ನನಗೆ ಊರೂರು ತಿರುಗುವ ಕೆಲಸ, ನನ್ನ ಹೆಂಡತಿಗೆ ಬಳ್ಳಾರಿಯಲ್ಲಿ ಕೆಲಸ. ಆದದರಿಂದ ನಮ್ಮ ಕಿರೀ ಮಗನನ್ನು, ಅವನಿಗೆ ಒಂದು ವರುಷ ಎಂಟು ತಿಂಗಳಾಗಿದ್ದಾಗ, ಹಳ್ಳಿಯಲ್ಲಿ ಬಿಡುವದೆಂದು ನಾವಿಬ್ಬರೂ ನಿಶ್ಚಯಿಸಿದೆವು. ನಾವಿಬ್ಬರೂ ನಿಶ್ಚಯಿಸಿದೆವೆಂಬ ಮಾತನ್ನು ವಾಚಕರು ಗಮನಿಸಬೇಕು. ನನ್ನ ತಾಯಿಯನ್ನು ನಾವು ಕೇಳಲಿಲ್ಲ. "ಅವ್ವಾ, ಸೋಮವಾರ ಕೂಸನ್ನು ಬಿಟ್ಟು ಬರುತ್ತೇವೆ" ಎಂದು ಫೋನಿನಲ್ಲಿ ತಿಳಿಸಿದೆವು, ಅಷ್ಟೇ. ಅವಳು ಸಂತೋಷದಿಂದ "ಕರಕೊಂಡು ಬರ್ರಿ" ಅಂದಳು. ಆಗ ಅವಳ ವಯಸ್ಸು ಅರವತ್ತೇಳು. ನನ್ನ ತಂದೆಗೆ ಎಪ್ಪತ್ತು ದಾಟಿತ್ತು, ಒಂದು ಕಿವಿ ಕೇಳಿಸುತ್ತಿರಲಿಲ್ಲ.

ಎರಡು ತಿಂಗಳು ಹೀಗೆ ಕಳೆಯಿತು. ಒಂದು ಬೆಳಿಗ್ಗೆ ತಾಯಿಯು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ತಿರುಗಿ ನೋಡುವಷ್ಟರಲ್ಲಿ ಕೂಸು ಇರಲಿಲ್ಲ. ತಂದೆಯು ಬಾಗಿಲ ಬಳಿಯಲ್ಲಿ ಕೂತಿದ್ದಾಗ್ಯೂ ಅದು ಅವನ ಬೆನ್ನ ಹಿಂದಿನಿಂದ ದಾಟಿಹೋಗಿತ್ತು. ತಾಯಿಯು ಬರಿಗಾಲಿನಲ್ಲಿ ಓಡಿ, ಹೊಲಗಾಲುವೆಯ ಏರಿಯ ಮೇಲೆ ಅದರ ಅಂಗಿಯನ್ನು ಹಿಡಿದು ಎಳೆದುಕೊಳ್ಳುತ್ತಾ ಕಲ್ಲಿನ ಮೇಲೆ ಬಿದ್ದಳು. ನೆರೆಯವರು ನನಗೆ ಫೋನು ಮಾಡಿದರು. ನಾನು ಬಸ್ಸು ಹಿಡಿದು ಮಧ್ಯಾಹ್ನದೊಳಗೆ ಮನೆಯನ್ನು ಸೇರಿದೆನು. ಸೇರಿದವನೇ ಕೂಸನ್ನು ಎತ್ತಿಕೊಂಡು ನೆತ್ತಿಯಿಂದ ಅಂಗಾಲಿನ ವರೆಗೂ ಪರೀಕ್ಷಿಸಿ ನೋಡಿದೆನು. ಒಂದು ತರಚೂ ಇರಲಿಲ್ಲ. ತರುವಾಯ ತಂದೆಯ ಕಡೆಗೆ ತಿರುಗಿ, "ಅಪ್ಪಾ, ನೀನು ಇಲ್ಲೇ ಕೂತಿದ್ದೆಯಲ್ಲಾ, ಅಷ್ಟೂ ನೋಡಬಾರದಿತ್ತೇ?" ಎಂದು ಗದರಿಸಿದೆನು. ಆತನು ಉತ್ತರ ಕೊಡದೆ ನೆಲವನ್ನು ನೋಡುತ್ತಾ ಇದ್ದನು.

ರಾತ್ರಿ ಊಟಕ್ಕೆ ಕೂತಾಗ ತಾಯಿಯು ಎಡಗೈಯಿಂದ ಬಡಿಸುವದನ್ನು ಕಂಡೆನು. ನಮ್ಮ ಮನೆಯಲ್ಲಿ ಯಾರೂ ಎಡಗೈಯಿಂದ ಬಡಿಸುವದಿಲ್ಲ. ಬಲಗೈಯನ್ನು ಅವಳು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. "ಏನವ್ವಾ ಕೈಗೆ?" ಅಂದರೆ, "ಏನಿಲ್ಲಪ್ಪಾ, ತುಸು ಉಳುಕಿದೆ. ಕೂಸು ಸಿಕ್ಕಿತಲ್ಲಾ, ಅಷ್ಟು ಸಾಕು" ಅಂದಳು. ಮಾರನೆಯ ದಿನ ಬಳ್ಳಾರಿಗೆ ಕರಕೊಂಡು ಹೋಗಿ ತೋರಿಸಲಾಗಿ ಮಣಿಕಟ್ಟಿನ ಎಲುಬು ಮುರಿದಿತ್ತು. ನಾನು ಆ ಮನೆಯನ್ನು ಹೊಕ್ಕು ಏಳು ತಾಸುಗಳಾಗುವ ವರೆಗೆ ಬಿದ್ದವಳ ವಿಷಯವನ್ನು ಒಂದು ಮಾತಾದರೂ ಕೇಳಿರಲಿಲ್ಲ. ಅಲ್ಲದೆ, ಕಾಣದ ಬೆನ್ನಿಗಾಗಿಯೂ ಕೇಳದ ಕಿವಿಗಾಗಿಯೂ ಹೆತ್ತ ತಂದೆಯನ್ನು ಗದರಿಸಿದ್ದೆನು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ತಪ್ಪು ಎಲ್ಲಿ ಆರಂಭವಾಯಿತೆಂದು ಹುಡುಕುತ್ತಾ ಬರಲಾಗಿ, ಅದು ಆ ದಿನದಲ್ಲಿ ಅಲ್ಲ, ಎರಡು ತಿಂಗಳ ಹಿಂದಿನ ಆ ಸೋಮವಾರದಲ್ಲಿ ಇತ್ತೆಂದು ಕಂಡೆನು. ತಾಯಿಯ ಪ್ರೀತಿ ದೊಡ್ಡದೆಂಬದು ನನಗೆ ಗೊತ್ತಿತ್ತು. ಆ ಪ್ರೀತಿಯನ್ನೇ ನಾನು ಬಲವೆಂದು ಲೆಕ್ಕಕ್ಕೆ ಹಿಡಿದೆನು. ಅವಳ ಮನಸ್ಸು ಸಿದ್ಧವಾಗಿತ್ತು, ಆದಕಾರಣ ಅವಳ ಮೊಣಕಾಲೂ ಸಿದ್ಧವಾಗಿದೆಯೆಂದು ನೆನಸಿದೆನು. ವಾಚಕರೇ, ಒಲ್ಲೆನೆನ್ನುವವರ ಮೇಲೆ ಭಾರ ಹೊರಿಸುವದು ಅನ್ಯಾಯವೆಂದು ನಾವೆಲ್ಲರೂ ಬಲ್ಲೆವು. ಆದರೆ ಸಂತೋಷದಿಂದ ಒಪ್ಪುವವರ ಮೇಲೆ ಅವರು ಹೊರಲಾರದಷ್ಟನ್ನು ಹೊರಿಸುವದೂ ಅನ್ಯಾಯವೇ. ಒಲ್ಲದವನಾದರೂ ಬಾಯಿಬಿಟ್ಟು ಹೇಳುವನು, ಪ್ರೀತಿಸುವವಳು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವಳು.

ಇದಕ್ಕೆ ಕೆಲವರು ಎದುರು ಮಾತು ಹೇಳುವದುಂಟು. ಮೊದಲನೆಯದಾಗಿ, "ಮೊಮ್ಮಕ್ಕಳೆಂದರೆ ಮುದುಕರಿಗೆ ಸಂತೋಷವಲ್ಲವೇ?" ಎಂದು ಕೇಳುತ್ತಾರೆ. ನಿಜವೇ. ಕೂಸಿಲ್ಲದ ಮನೆಯಲ್ಲಿ ಮುದುಕರು ಬೇಗನೆ ಕುಗ್ಗುವದನ್ನು ನಾನು ಕಂಡಿದ್ದೇನೆ. ಆದರೆ ಒಂದು ತಾಸಿನ ಸಂತೋಷವು ಹತ್ತು ತಾಸಿನ ವರೆಗೂ ಸಂತೋಷವಾಗಿಯೇ ಉಳಿಯುವದೆಂದು ಹೇಳಲಾಗದು.

ಎರಡನೆಯದಾಗಿ, "ನಮ್ಮನ್ನೂ ಅವರೇ ಸಾಕಲಿಲ್ಲವೇ, ಆಗ ಐದಾರು ಮಕ್ಕಳಿದ್ದವು" ಎನ್ನುತ್ತಾರೆ. ಸಾಕಿದರು, ಆದರೆ ಆಗ ಅವರಿಗೆ ಇಪ್ಪತ್ತೈದು ಮೂವತ್ತು ವರುಷ. ಆ ಸೇವೆಯಿಂದ ಹುಟ್ಟಿದ ಸಾಲವು ನಮ್ಮ ಮೇಲಿದೆಯೇ ಹೊರತು ಅವರ ಮೇಲಿಲ್ಲ. ನಮ್ಮ ದೇಶದಲ್ಲಿ ೨೦೦೭ನೆಯ ಇಸವಿಯಲ್ಲಿ ಆದ ಕಾನೂನೂ, ಮುದಿತಂದೆತಾಯಿಗಳನ್ನು ಮಕ್ಕಳು ಪೋಷಿಸತಕ್ಕದ್ದೆಂದು ವಿಧಿಸಿದೆ. ಮೊಮ್ಮಕ್ಕಳನ್ನು ಅಜ್ಜಿಯು ಕಾಯತಕ್ಕದ್ದೆಂದು ವಿಧಿಸಿಲ್ಲ. ಆದದರಿಂದ ಮೊದಲು ಕೇಳಿದ ಪ್ರಶ್ನೆಗೆ ಉತ್ತರವು ಇದೇ: ಅದು ಸಾಲವಲ್ಲ, ದಾನ. ಸಾಲವನ್ನು ಹಕ್ಕಿನಿಂದ ವಸೂಲು ಮಾಡಬಹುದು, ದಾನವನ್ನು ಪ್ರತಿಸಲವೂ ಕೇಳಿಯೇ ತೆಗೆದುಕೊಳ್ಳಬೇಕು.

ಮೂರನೆಯದಾಗಿ, "ಹೊಟ್ಟೆಗಾಗಿ ದುಡಿಯದೆ ವಿಧಿಯಿಲ್ಲ, ಕೂಸನ್ನು ಬಿಟ್ಟು ಹೋಗದೆ ಏನು ಮಾಡೋಣ?" ಎಂದು ಕೇಳುತ್ತಾರೆ. ಮೊದಲಿನ ಎರಡು ಮಾತುಗಳಂತೆ ಇದನ್ನು ತಳ್ಳಿಬಿಡಲಾಗದು. ನಾಟಿಯ ಹದ ತಪ್ಪಿದರೆ ಕೂಲಿ ತಪ್ಪುವದು. ಹೊಲಿಗೆಯ ಕಾರ್ಖಾನೆಯಲ್ಲಿ ತುಂಡಿನ ಲೆಕ್ಕಕ್ಕೆ ದುಡಿಯುವವಳಿಗೆ ಮನೆಯಲ್ಲಿ ಉಳಿದ ದಿನದ ಕೂಲಿಯಿಲ್ಲ. ಬಿಟ್ಟು ಹೋಗುವ ತಾಯಿಯನ್ನು ನಾನು ದೂಷಿಸುವವನಲ್ಲ. ಬಿಟ್ಟು ಹೋಗುವದು ಪಾಪವಲ್ಲ. ಬಿಟ್ಟ ಮೇಲೆ ಆ ಮನೆಯಲ್ಲಿ ಏನಾಗುವದೆಂದು ಯೋಚಿಸದೆ, ಕೈತೊಳೆದುಕೊಂಡೆವೆಂದು ತಿಳಿಯುವದು ತಪ್ಪು. ಹಾಗೆ ತಿಳಿದವರಲ್ಲಿ ಗಂಡಸರಾದ ನಾವೇ ಮುಂದಾಗಿದ್ದೇವೆ. ಕೂಸಿನ ಚಿಂತೆಯೆಲ್ಲಾ ತಾಯಿಗೂ ಅಜ್ಜಿಗೂ ಸೇರಿದ್ದೆಂದು ನಾವು ಸುಮ್ಮನಿರುತ್ತೇವೆ.

ಯೋಚಿಸದೆ ಬಿಟ್ಟದ್ದರ ಫಲವು ಮತ್ತೊಂದು ವಿಧದಲ್ಲಿಯೂ ಕಾಣುವದು. ದಣಿದ ಮುದುಕರು ಓಡುವ ಕೂಸನ್ನು ಹೇಗಾದರೂ ನಿಲ್ಲಿಸಲೇಬೇಕಾಗುತ್ತದೆ. ಹಿಂದೆ ಮುಂಬಯಿಯ ಹತ್ತಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರಲ್ಲಿ ಅನೇಕರು ಕೂಸಿಗೆ ಅಫೀಮಿನ ಗುಳಿಗೆಯನ್ನು ಕೊಟ್ಟು ಮಲಗಿಸಿ ಹೋಗುತ್ತಿದ್ದರು. ೧೯೩೧ರಲ್ಲಿ ಹೊರಟ ಕಾರ್ಮಿಕರ ರಾಯಲ್ ಕಮಿಷನ್ನಿನ ವರದಿಯಲ್ಲಿಯೂ ಈ ಮಾತು ಬಂದಿದೆ. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ, ಬೇರೆ ದಾರಿ ಇಲ್ಲದವರಾಗಿದ್ದರು. ಈಗ ನಮ್ಮ ಮನೆಗಳಲ್ಲಿ ಆ ಕೆಲಸವನ್ನು ಮೊಬೈಲು ಫೋನು ಮಾಡುತ್ತಿದೆ. ಅದು ವಿಷವಲ್ಲ, ಅಫೀಮಿಗೆ ಸಮನೂ ಅಲ್ಲ. ಆದರೆ ಕೊಡುವ ಕಾರಣ ಒಂದೇ. ಒಂದು ವರುಷದ ಕೂಸಿಗೆ ಅದು ಬೇಡವೇ ಬೇಡವೆಂದೂ ಎರಡು ವರುಷದ ಮಗುವಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಕೂಡದೆಂದೂ ಮೇಲೆ ಹೇಳಿದ ಸಂಸ್ಥೆಯವರು ಸೂಚಿಸಿದ್ದಾರೆ. ಅಜ್ಜಿಯು ಫೋನು ಕೊಟ್ಟಳೆಂದು ಪಟ್ಟಣದಿಂದ ಬಂದ ಮಗಳು ಸಿಟ್ಟಾಗುವದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಸಿಟ್ಟಾಗುವದಕ್ಕಿಂತ ಮುಂಚೆ ಅವಳು ಒಂದು ಸಂಗತಿಯನ್ನು ಕೇಳತಕ್ಕದ್ದು: ಈ ಮುದುಕಿಯು ಕೂಸನ್ನು ಸುಮ್ಮನೆ ಕೂರಿಸಿದ್ದು ಯಾಕೆ? ಅವಳಿಗೆ ತುಸು ಕುಳಿತುಕೊಳ್ಳುವದಕ್ಕೆ ನಾವು ಬೇರೆ ಯಾವ ಏರ್ಪಾಡು ಮಾಡಿದ್ದೆವು?

ವೃದ್ಧರಿಗೂ ಇಲ್ಲಿ ಒಂದು ಕರ್ತವ್ಯ ಉಂಟು. ಅದು ಸತ್ಯವನ್ನು ಹೇಳುವದೇ. ಅರಸನಾದ ದಾವೀದನು ಎಂಭತ್ತು ವರುಷದ ಬರ್ಜಿಲ್ಲೈಯನ್ನು ತನ್ನ ಸಂಗಡ ಯೆರೂಸಲೇಮಿಗೆ ಕರೆದಾಗ, ಆ ಮುದುಕನು ತನ್ನ ರುಚಿ ಕೆಟ್ಟಿರುವದನ್ನೂ ಕಿವಿ ಮಂದವಾಗಿರುವದನ್ನೂ ನಾಚದೆ ಹೇಳಿ ಬಿಡುಗಡೆಯನ್ನು ಕೇಳಿಕೊಂಡನು. ಅರಸನು ಅದರಿಂದ ನೊಂದುಕೊಳ್ಳದೆ ಅವನಿಗೆ ಮುದ್ದಿಟ್ಟು ಕಳುಹಿಸಿದನು. ಅರಸನ ಮುಂದೆ ಹೇಳಬಹುದಾದದ್ದನ್ನು ಹೆತ್ತ ಮಕ್ಕಳ ಮುಂದೆ ಯಾಕೆ ಹೇಳಬಾರದು? "ಬೆಳಿಗ್ಗೆ ನೋಡಿಕೊಳ್ಳುತ್ತೇನೆ, ಮಧ್ಯಾಹ್ನದ ಮೇಲೆ ನನ್ನಿಂದ ಆಗದು" ಎಂದು ಹೇಳುವ ಅಜ್ಜಿಯ ಪ್ರೀತಿಯಲ್ಲಿ ಕೊರತೆಯಿಲ್ಲ. ಅವಳು ಕೂಸನ್ನು ಆ ಮಾತಿನಿಂದಲೇ ಕಾಯುತ್ತಾಳೆ. ಮುರಿದ ಕೈಯನ್ನು ಮುಚ್ಚುವದರಿಂದ ನಾಳೆ ಕೂಸನ್ನು ಹಿಡಿಯುವ ಕೈಯೇ ಇಲ್ಲದೆ ಹೋದೀತು.

ಹಾಗಾದರೆ ಮಾಡತಕ್ಕದ್ದೇನು? ಬಡವರಿಗೆ ಸಾಧ್ಯವಾದ ಕೆಲವನ್ನೇ ಹೇಳುವೆನು. ಬಿಟ್ಟು ಹೋಗುವ ಮೊದಲು ಮನೆಯನ್ನು ಕೂಸಿನ ಎತ್ತರಕ್ಕೆ ಕುಳಿತು ನೋಡಿರಿ. ಬಕೀಟಿನ ನೀರನ್ನು ಚೆಲ್ಲಿರಿ, ತೊಟ್ಟಿಗೆ ಮುಚ್ಚಳ ಹಾಕಿರಿ. ಭತ್ತಕ್ಕೂ ಮೆಣಸಿನಕಾಯಿಗೂ ಹೊಡೆಯುವ ಔಷಧದ ಸೀಸೆಯನ್ನು ಬೀಗದೊಳಗೆ ಇಡಿರಿ. ಬಾಗಿಲಿಗೆ ಮೊಣಕಾಲೆತ್ತರದ ಒಂದು ಅಡ್ಡಹಲಗೆಯನ್ನು ಹೊಂದಿಸಿರಿ. ಬಡಗಿಯು ಅರ್ಧ ದಿನದಲ್ಲಿ ಮಾಡುವ ಆ ಹಲಗೆಯು ಅಜ್ಜಿಗೆ ಕೈಯೂರಿ ಏಳುವಷ್ಟು ಹೊತ್ತನ್ನು ಕೊಡುವದು. ಮನೆಯಲ್ಲಿರುವ ಗಂಡಸು ವಾರಕ್ಕೆ ಒಂದು ದಿನವಾದರೂ ಕೂಸನ್ನು ತಾನೇ ಹಿಡಿದು ಅಜ್ಜಿಯನ್ನು ಬಿಡುಗಡೆ ಮಾಡಲಿ.

ಮತ್ತೊಂದು ಮಾತು ಉಂಟು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೂಸುಗಳು ಕೆರೆಕುಂಟೆಗಳಲ್ಲಿ ಬಿದ್ದು ಸಾಯುವದು ಬಹಳವಾಗಿರಲಾಗಿ, ಅಲ್ಲಿ 'ಆಂಚಲ್', ಅಂದರೆ ಸೆರಗು, ಎಂಬ ಹೆಸರಿನಿಂದ ಚಿಕ್ಕ ಕೂಸುಮನೆಗಳನ್ನು ನಡಿಸಿದರು. ತಾಯಂದಿರಿಗೆ ಕೆಲಸ ಹೆಚ್ಚಾಗಿರುವ ಬೆಳಿಗ್ಗೆ ೯ರಿಂದ ಮಧ್ಯಾಹ್ನ ೧ರ ವರೆಗೆ ಊರಿನ ಒಬ್ಬ ಹೆಂಗಸು ನೆರೆಯ ಮಕ್ಕಳನ್ನು ಒಂದೇ ಮನೆಯಲ್ಲಿ ಕೂಡಿಸಿ ಆಡಿಸುವಳು. ಆ ನಾಲ್ಕು ತಾಸುಗಳ ಕಾವಲಿನಿಂದಲೇ ಮುಳುಗಿ ಸಾಯುವ ಮಕ್ಕಳು ಬಹಳ ಕಡಿಮೆಯಾದರು. ನಮ್ಮ ರಾಜ್ಯದಲ್ಲಿಯೂ ೨೦೨೩ರ ಆಯವ್ಯಯದಲ್ಲಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವದಾಗಿ ಸರಕಾರವು ಸಾರಿತು. ನಿಮ್ಮ ಪಂಚಾಯತಿಯಲ್ಲಿ ಅದು ಉಂಟೋ ಎಂದು ವಿಚಾರಿಸಿರಿ. ಇಲ್ಲದಿದ್ದರೆ ಒಂದೇ ಓಣಿಯ ಮೂರು ಮನೆಗಳ ಅಜ್ಜಿಯಂದಿರು ಒಂದು ಅಂಗಳದಲ್ಲಿ ಕೂಡಿ, ಒಬ್ಬಳು ಬಾಗಿಲಲ್ಲಿ, ಒಬ್ಬಳು ಒಲೆಯಲ್ಲಿ, ಒಬ್ಬಳು ಮಕ್ಕಳ ಬಳಿಯಲ್ಲಿ ಇರುವದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ. ನೊವೊಮಿಯ ಸಂಗತಿಯಲ್ಲಿಯೂ ಇದನ್ನು ಕಾಣಬಹುದು. ಅವಳು ಓಬೇದನನ್ನು ಒಬ್ಬಳೇ ಸಾಕಲಿಲ್ಲ. ಹೆತ್ತ ರೂತಳು ಇದ್ದಳು. ಕೂಸಿಗೆ ಹೆಸರಿಟ್ಟವರು ನೆರೆಯ ಹೆಂಗಸರು.

ನನ್ನ ತಾಯಿಯ ಕೈ ಕೂಡಿಕೊಂಡಿದೆ. ಆದರೂ ತುಂಬಿದ ಕೊಡವನ್ನು ಎತ್ತಲಾರಳು. ಕೂಸನ್ನು ನಾವು ಬಳ್ಳಾರಿಗೆ ಕರಕೊಂಡು ಬಂದಾಗ ಅವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲವೆಂದು ತಂದೆಯು ಹೇಳಿದನು. ಈಗ ತಿಂಗಳಿಗೆ ಒಂದು ವಾರ ಅವನು ಅಲ್ಲಿರುತ್ತಾನೆ, ನಮ್ಮಿಬ್ಬರಲ್ಲಿ ಒಬ್ಬರು ಅವನ ಸಂಗಡ ಇರುತ್ತೇವೆ. ಪ್ರತಿಸಲವೂ ಮೊದಲು ತಾಯಿಯನ್ನು ಕೇಳುತ್ತೇವೆ. ಒಂದು ಸಲ ಅವಳು "ಈ ವಾರ ಬೇಡಪ್ಪಾ, ಮೈ ಸರಿಯಿಲ್ಲ" ಅಂದಳು. ನನಗೆ ಆದ ಸಮಾಧಾನವನ್ನು ಹೇಳಲಾರೆನು.

ಆದದರಿಂದ ಪ್ರಿಯರೇ, ಈ ಹೊತ್ತು ಸಾಯಂಕಾಲ ಕೆಲಸದಿಂದ ಮನೆಗೆ ಬಂದಾಗ ಕೂಸನ್ನು ಎತ್ತಿಕೊಳ್ಳಿರಿ, ಅದು ಸಹಜವೇ. ಆದರೆ ಎತ್ತಿಕೊಂಡವರು ಅಲ್ಲೇ ನಿಂತು, ಅದನ್ನು ಕಾಯ್ದು ಕೂತವರ ಮುಖವನ್ನೂ ಕೈಯನ್ನೂ ಕಾಲನ್ನೂ ನೋಡಿ, "ಈ ದಿನ ನಿಮಗೆ ಹೇಗಾಯಿತು?" ಎಂದು ಕೇಳಿರಿ. ಅವರು ಏನಿಲ್ಲವೆಂದು ಹೇಳಿದರೆ, ಇನ್ನೊಂದು ಸಲ ಕೇಳಿರಿ.